ಅಂಗಡಿಗೆ ಮೊದಲು ಠಾಣೆ

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಪಿಸ್ತೂಲು ಬೇಕೆಂದವರು ನೇರವಾಗಿ ಅಂಗಡಿಗೆ ಹೋದರಾಯಿತು. ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿರುವುದರಲ್ಲಿ ಒಂದನ್ನು ಆರಿಸಿ, ಕೈಯಲ್ಲಿ ಹಿಡಿದು ನೋಡಿ, ಬೆಲೆ ಒಪ್ಪಿಗೆಯಾದ ಮೇಲೆ ಮಾರಾಟಗಾರ 4473 ಸಂಖ್ಯೆಯ ಸರ್ಕಾರಿ ನಮೂನೆಯೊಂದನ್ನು ಮುಂದಿಡುತ್ತಾನೆ. ಹೆಸರು, ವಿಳಾಸ, ಹುಟ್ಟಿದ ಊರು, ಎತ್ತರ, ತೂಕ ತುಂಬಿದ ಮೇಲೆ ‘ಹೌದು’, ‘ಇಲ್ಲ’ ಎಂದು ಗುರುತು ಹಾಕುವ ಪ್ರಶ್ನೆಗಳು ಬರುತ್ತವೆ. ಈ ಕೋವಿಯನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇ ತಾನೇ? ವರ್ಷಕ್ಕಿಂತ ಹೆಚ್ಚು ಸೆರೆವಾಸ ವಿಧಿಸಬಹುದಾದ ಅಪರಾಧ ನಿಮ್ಮ ಮೇಲೆ ಸಾಬೀತಾಗಿದೆಯೇ? ಗಾಂಜಾ ಅಥವಾ ಬೇರೆ ಮಾದಕ ವಸ್ತುವನ್ನು ಅಕ್ರಮವಾಗಿ ಬಳಸುತ್ತೀರಾ? ಮನೆಯವರ ಮೇಲೆ ಕೈಮಾಡಿದ ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ? ಕೊನೆಗೊಂದು ಸಹಿ. ಮಾರಾಟಗಾರ ಗುರುತಿನ ಚೀಟಿ ನೋಡಿ ಎಫ್‌ಬಿಐನ ತಪಾಸಣಾ ವಿಭಾಗಕ್ಕೆ ಫೋನ್ ಮಾಡುತ್ತಾನೆ, ಇಲ್ಲವೇ ಕಂಪ್ಯೂಟರಿನಲ್ಲಿ ವಿವರ ಕಳಿಸುತ್ತಾನೆ. ಬಹುಪಾಲು ಸಲ ಕೆಲವೇ ನಿಮಿಷಗಳಲ್ಲಿ ‘ಕೊಡಬಹುದು’ ಎಂಬ ಉತ್ತರ ಬರುತ್ತದೆ. ಕಾಯುವ ಅವಧಿಯ ನಿಯಮವಿಲ್ಲದ ರಾಜ್ಯವಾದರೆ ಕೊಂಡವರು ಆಗಲೇ ಪಿಸ್ತೂಲಿನೊಂದಿಗೆ ಮನೆಗೆ ಹೊರಡಬಹುದು.

ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಈ ಕ್ರಮವೇ ತಿರುವುಮುರುವು. ಅಲ್ಲಿ ಅಂಗಡಿಗೆ ಹೋಗುವ ಮೊದಲು ಊರಿನ ಪೊಲೀಸ್ ಠಾಣೆಗೆ ಹೋಗಬೇಕು. ಸುರಕ್ಷತಾ ತರಬೇತಿ ಮುಗಿಸಿದ ಪ್ರಮಾಣಪತ್ರ ಒಯ್ಯಬೇಕು, ಬೆರಳಚ್ಚು ಮತ್ತು ಭಾವಚಿತ್ರ ಕೊಡಬೇಕು, 100 ಡಾಲರ್ ಶುಲ್ಕ ಕಟ್ಟಬೇಕು. ಪೊಲೀಸರು ತಮ್ಮ ದಾಖಲೆಗಳನ್ನೆಲ್ಲ ನೋಡಿ ಪರವಾನಗಿ ಕೊಟ್ಟ ನಂತರವೇ ಅಂಗಡಿಯ ಬಾಗಿಲು. ಆರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. 2021ರಲ್ಲಿ ಈ ರಾಜ್ಯದಲ್ಲಿ ಒಂದು ಲಕ್ಷ ಜನರಿಗೆ 3.4ರಷ್ಟು ಮಂದಿ ಗುಂಡೇಟಿನಿಂದ ಸತ್ತರು. ಪರವಾನಗಿಯ ಗೊಡವೆಯೇ ಇಲ್ಲದ ಮಿಸಿಸಿಪಿಯಲ್ಲಿ ಅದೇ ವರ್ಷ ಆ ಪ್ರಮಾಣ 33.9. ಹತ್ತು ಪಟ್ಟು ವ್ಯತ್ಯಾಸ. ಇದನ್ನೆಲ್ಲ ಪರವಾನಗಿಯೊಂದರ ಖಾತೆಗೆ ಬರೆಯುವುದು ನ್ಯಾಯವಲ್ಲ. ಬಡತನ, ಆಸ್ಪತ್ರೆಗಳ ದೂರ, ಮನೆಗಳಲ್ಲಿರುವ ಕೋವಿಗಳ ಪ್ರಮಾಣ ಎಲ್ಲವೂ ಬೇರೆ ಬೇರೆ. ಆದರೂ ಅಮೆರಿಕದ ಬಂದೂಕು ಚರ್ಚೆಯಲ್ಲಿ ಎಲ್ಲಕ್ಕಿಂತ ಕಡಿಮೆ ಕೇಳಿಬರುವ, ಎಲ್ಲಕ್ಕಿಂತ ಹೆಚ್ಚು ಜೀವ ಉಳಿಸಬಲ್ಲ ನಿಯಮ ಇದೇ ಎಂಬುದು ನನ್ನ ವಾದ: ಕೊಳ್ಳುವ ಮೊದಲೇ, ಕೊಳ್ಳುವ ವ್ಯಕ್ತಿಯನ್ನು ನೋಡಿ ಕೊಡುವ ಪರವಾನಗಿ.

ಆ ದೇಶ ಈ ಮಾತನ್ನು ಬಿಟ್ಟು ಬೇರೆಲ್ಲ ಮಾತಾಡುತ್ತದೆ. ಶಾಲೆಯಲ್ಲೋ ಚರ್ಚಿನಲ್ಲೋ ಹತ್ಯಾಕಾಂಡ ನಡೆದ ಮರುದಿನ ಎಆರ್-15 ಮಾದರಿಯ ರೈಫಲ್‌ಗಳನ್ನು ನಿಷೇಧಿಸಬೇಕೇ ಬೇಡವೇ ಎಂಬ ಜಗಳ ಶುರುವಾಗುತ್ತದೆ. 1994ರಿಂದ 2004ರವರೆಗೆ ಅಂಥದ್ದೊಂದು ಕೇಂದ್ರ ನಿಷೇಧ ಇತ್ತು ಕೂಡ. ಆದರೆ ಅದು ರೈಫಲ್‌ಗಳನ್ನು ಬಹುಮಟ್ಟಿಗೆ ಅವುಗಳ ಹೊರರೂಪದಿಂದ ಗುರುತಿಸುತ್ತಿತ್ತು. ಮಡಿಸುವ ಹಿಡಿ, ಬಯೊನೆಟ್ ಸಿಕ್ಕಿಸುವ ಕೊಂಡಿ, ಪಿಸ್ತೂಲಿನಂಥ ಮುಷ್ಟಿಹಿಡಿ ಇಂಥವನ್ನು ಲೆಕ್ಕ ಹಾಕಿ ನಿಷೇಧಿಸಿತ್ತು. ತಯಾರಕರು ಒಂದೆರಡು ಭಾಗ ತೆಗೆದು ಅದೇ ಬಂದೂಕನ್ನು ಬೇರೆ ಹೆಸರಿನಲ್ಲಿ ಮಾರಿದರು. ಅಂಕಿ ಅಂಶ ಹೇಳುವ ಕತೆಯೇ ಬೇರೆ. ಎಫ್‌ಬಿಐ ವಿವರ ಸಂಗ್ರಹಿಸಿದ 2019ರ ಕೊಲೆಗಳಲ್ಲಿ ಗುಂಡಿಗೆ ಬಲಿಯಾದವರು 10,258 ಮಂದಿ. ಅವರಲ್ಲಿ ಪಿಸ್ತೂಲು, ರಿವಾಲ್ವರ್‌ಗಳಿಂದ ಸತ್ತವರು 6,368. ಎಲ್ಲ ಬಗೆಯ ರೈಫಲ್‌ಗಳಿಂದ ಸತ್ತವರು 364. ಉಳಿದ ಎಷ್ಟೋ ಪ್ರಕರಣಗಳಲ್ಲಿ ಬಂದೂಕು ಯಾವ ಬಗೆಯದೆಂದೇ ದಾಖಲಾಗಿಲ್ಲ. ಹತ್ಯಾಕಾಂಡಗಳಲ್ಲಿ ರೈಫಲ್ ಮಾಡುವ ಘೋರ ಹಾನಿಯನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ದಿನನಿತ್ಯ ಅಮೆರಿಕನ್ನರನ್ನು ಕೊಲ್ಲುತ್ತಿರುವುದು ಕೈಚೀಲದಲ್ಲಿ, ಹಾಸಿಗೆಯ ಪಕ್ಕದ ಡ್ರಾಯರಿನಲ್ಲಿ, ಸೊಂಟದಲ್ಲಿ ಇರುವ ಸಾಮಾನ್ಯ ಪಿಸ್ತೂಲು.

ಕೊಳ್ಳುವವರ ಆಯ್ಕೆಯೂ ಆ ಕಡೆಗೇ ವಾಲಿದೆ. 1999ರಲ್ಲಿ ಬಂದೂಕು ಏಕೆ ಇಟ್ಟುಕೊಂಡಿದ್ದೀರಿ ಎಂದು ಸಮೀಕ್ಷೆಯಲ್ಲಿ ಕೇಳಿದಾಗ ಅರ್ಧದಷ್ಟು ಮಂದಿ ಬೇಟೆಗೆ ಎಂದಿದ್ದರು. ಆತ್ಮರಕ್ಷಣೆಗೆ ಎಂದವರು ನಾಲ್ಕರಲ್ಲಿ ಒಬ್ಬರು. ಪ್ಯೂ ಸಂಶೋಧನಾ ಸಂಸ್ಥೆಯ 2023ರ ಸಮೀಕ್ಷೆಯಲ್ಲಿ ಶೇ 72ರಷ್ಟು ಮಾಲೀಕರು ಆತ್ಮರಕ್ಷಣೆ ಒಂದು ಮುಖ್ಯ ಕಾರಣ ಎಂದರು. ಬೇಟೆಗಾರನಿಗೆ ಬೇಕಾದದ್ದು ದೂರದ ಗುರಿಗೆ ಉದ್ದ ನಳಿಗೆಯ ರೈಫಲ್, ಹಕ್ಕಿ ಹೊಡೆಯಲು ತೋಟಾ ತುಂಬುವ ಶಾಟ್‌ಗನ್. ಮನೆ ಕಾಯಬೇಕೆಂಬವರಿಗೆ ಅಂಗಡಿಯವರು ಸಾಮಾನ್ಯವಾಗಿ ತೋರಿಸುವುದು 9 ಎಂಎಂ ಪಿಸ್ತೂಲು. ಯಾವ ಬ್ರ್ಯಾಂಡು, ಮ್ಯಾಗಜೀನಿನಲ್ಲಿ ಎಷ್ಟು ಗುಂಡು ಹಿಡಿಸುತ್ತದೆ, ಕೈಗೆ ಎಷ್ಟು ಒದೆಯುತ್ತದೆ, ಜಿಪ್ಸಮ್ ಹಲಗೆಯ ತೆಳು ಗೋಡೆ ತೂರಿ ಗುಂಡು ಪಕ್ಕದ ಕೋಣೆಯ ಮಗುವಿಗೆ ತಗಲೀತೇ, ಹೊಸಬರಿಗೆ ರಿವಾಲ್ವರ್ ಸುಲಭವೇ, ಇವುಗಳ ಬಗ್ಗೆ ಅಲ್ಲಿ ಗಂಟೆಗಟ್ಟಲೆ ಸಲಹೆ ಸಿಗುತ್ತದೆ. ಮನೆಯಲ್ಲಿ ಖಿನ್ನತೆಯಲ್ಲಿರುವ ಹರೆಯದ ಮಗ ಇದ್ದಾನೆಯೇ, ಕುಡಿತದ ಚಟ ಇದೆಯೇ ಎಂದು ಕೇಳುವುದು ಅಂಗಡಿಯವರ ಕರ್ತವ್ಯವಲ್ಲ. ಒಟ್ಟಿನಲ್ಲಿ ಆಯುಧದ ಆಯ್ಕೆಗೆ ಕೊಡುವಷ್ಟು ಸಮಯವನ್ನು ಆಯುಧ ಹಿಡಿಯುವವರ ಯೋಗ್ಯತೆಗೆ ಯಾರೂ ಕೊಡುವುದಿಲ್ಲ.

ಕಾನೂನು ಈ ಸ್ಥಿತಿಗೆ ಬಂದ ದಾರಿಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ದರೋಡೆಕೋರರ ಗ್ಯಾಂಗುಗಳು ಮೆರೆದ ಕಾಲದಲ್ಲಿ, 1934ರಲ್ಲಿ, ಮಷಿನ್‌ಗನ್‌ಗಳ ಮೇಲೆ ನೋಂದಣಿ ಮತ್ತು ಭಾರೀ ತೆರಿಗೆ ಬಂತು. ಅಂಚೆಯಲ್ಲಿ ತರಿಸಿಕೊಂಡ ರೈಫಲ್‌ನಿಂದ 1963ರಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯಾಯಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದರು. ಅದೇ ವರ್ಷ ಅಪರಾಧಿಗಳಿಗೆ ಮಾರಾಟ ನಿಷೇಧಿಸುವ ಕಾಯ್ದೆ ಬಂತು. ಆದರೆ ಕೊಳ್ಳುವವರು ಅಪರಾಧಿಯೇ ಎಂದು ಪರೀಕ್ಷಿಸುವ ಏರ್ಪಾಟು ಬರಲು 1993ರ ಬ್ರೇಡಿ ಕಾಯ್ದೆಯವರೆಗೆ, ತಕ್ಷಣ ತಪಾಸಣೆಯ ವ್ಯವಸ್ಥೆ ಬರಲು 1998ರವರೆಗೆ ಕಾಯಬೇಕಾಯಿತು. ಈ ತಪಾಸಣೆ ಪರವಾನಗಿ ಪಡೆದ ವ್ಯಾಪಾರಿಗಳಿಗೆ ಮಾತ್ರ. ಖಾಸಗಿಯಾಗಿ ಒಬ್ಬರು ಇನ್ನೊಬ್ಬರಿಗೆ ಮಾರಿದರೆ ಕೇಂದ್ರ ಕಾನೂನು ತಪಾಸಣೆ ಕೇಳುವುದಿಲ್ಲ. ಕೆಲವು ರಾಜ್ಯಗಳು ಕೇಳುತ್ತವೆ, ಅಷ್ಟೆ.

ತಪಾಸಣೆ ಇದ್ದಾಗಲೂ ಅದು ಎಷ್ಟು ತೆಳುವಾದ ಬೇಲಿ ಎಂಬುದನ್ನು 2015ರ ಜೂನ್‌ನಲ್ಲಿ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ನಗರ ಕಂಡಿತು. ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದುತ್ತ ಕುಳಿತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಬಿಳಿಯ ಯುವಕನೊಬ್ಬ ಪಿಸ್ತೂಲಿನಿಂದ ಕೊಂದ. ಅದಕ್ಕೂ ಕೆಲವು ತಿಂಗಳ ಹಿಂದೆ ಅವನು ಮಾದಕ ವಸ್ತುವಿನ ಪ್ರಕರಣದಲ್ಲಿ ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡಿದ್ದ. ಕಾನೂನಿನ ಪ್ರಕಾರ ಅವನಿಗೆ ಪಿಸ್ತೂಲು ಸಿಗಬಾರದಿತ್ತು. ಎಫ್‌ಬಿಐ ತಪಾಸಕರು ಆ ದಾಖಲೆಗಾಗಿ ಕೇಳಿದ್ದು ಬೇರೊಂದು ಕೌಂಟಿಯ ಕಚೇರಿಯನ್ನು. ದಾಖಲೆ ಸಿಗಲಿಲ್ಲ. ಮೂರು ಕೆಲಸದ ದಿನಗಳೊಳಗೆ ಖಚಿತ ಉತ್ತರ ಬಾರದಿದ್ದರೆ ಅಂಗಡಿಯವರು ಮಾರಬಹುದು ಎಂಬುದು ಕೇಂದ್ರ ಕಾನೂನು. ಮಾರಿದರು. ಅವನ ಕೈಗೆ ಆ ಪಿಸ್ತೂಲು ಸಿಗಬಾರದಿತ್ತು ಎಂದು ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ ಆಮೇಲೆ ಬಹಿರಂಗವಾಗಿಯೇ ಹೇಳಿದರು. ಪರವಾನಗಿ ಪದ್ಧತಿಯಲ್ಲಿ ಅನುಮಾನದ ಲಾಭ ಇನ್ನೊಂದು ಕಡೆಗೆ ಹೋಗುತ್ತದೆ. ಉತ್ತರ ಬರುವ ತನಕ ಕೋವಿ ಅಂಗಡಿಯಲ್ಲೇ ಇರುತ್ತದೆ. ಅಂಗಡಿಯಲ್ಲಿ ತುಂಬುವ ನಮೂನೆಯ ಸತ್ಯಾಸತ್ಯವನ್ನು ಕಾಯುವ ಬೇಲಿಯೂ ಇಷ್ಟೇ ತೆಳು. ಮುಂದೆ ಅಧ್ಯಕ್ಷರಾದ ಜೋ ಬೈಡನ್ ಅವರ ಮಗ ಹಂಟರ್ ಬೈಡನ್ 2018ರಲ್ಲಿ ರಿವಾಲ್ವರ್ ಕೊಳ್ಳುವಾಗ ಇದೇ 4473 ನಮೂನೆಯಲ್ಲಿ ಮಾದಕ ವ್ಯಸನದ ಬಗ್ಗೆ ಸುಳ್ಳು ಹೇಳಿದರೆಂದು 2024ರಲ್ಲಿ ತಪ್ಪಿತಸ್ಥರೆನಿಸಿಕೊಂಡರು. ತಂದೆ ಅದೇ ವರ್ಷ ಕ್ಷಮಾದಾನ ಕೊಟ್ಟರು. ರಾಜಕೀಯ ಏನೇ ಇರಲಿ, ಕೊಳ್ಳುವ ದಿನ ಆ ‘ಇಲ್ಲ’ ಎಂಬ ಗುರುತನ್ನು ಪ್ರಶ್ನಿಸುವವರು ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಈಗ ಪುರಾವೆಗೆ ಬರೋಣ. ಎರಡು ರಾಜ್ಯಗಳನ್ನು ಹೋಲಿಸುವುದಕ್ಕಿಂತ ಒಂದೇ ರಾಜ್ಯ ಕಾನೂನು ಬದಲಿಸಿದಾಗ ಏನಾಯಿತೆಂದು ನೋಡುವುದು ಮೇಲು. ಕನೆಕ್ಟಿಕಟ್ 1995ರಲ್ಲಿ ಪಿಸ್ತೂಲು ಕೊಳ್ಳಲು ಪರವಾನಗಿ, ತರಬೇತಿ, ಬೆರಳಚ್ಚು ಕಡ್ಡಾಯ ಮಾಡಿತು. ಮಿಸೌರಿ 1921ರಿಂದ ಜಾರಿಯಲ್ಲಿದ್ದ ಅಂಥದೇ ಕಾನೂನನ್ನು 2007ರಲ್ಲಿ ರದ್ದು ಮಾಡಿತು. ಅಲ್ಲಿಯವರೆಗೆ ಖಾಸಗಿ ಮಾರಾಟಕ್ಕೂ ಸ್ಥಳೀಯ ಶೆರಿಫ್ ಕಚೇರಿಯಿಂದ ಅನುಮತಿ ಪತ್ರ ಬೇಕಿತ್ತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಈ ಎರಡನ್ನೂ ಹತ್ತಾರು ವರ್ಷಗಳ ಅಂಕಿಗಳಿಂದ ಅಳೆದಿದ್ದಾರೆ. ಕನೆಕ್ಟಿಕಟ್‌ನಲ್ಲಿ ಕಾನೂನು ಬಂದ ಮೊದಲ ಹತ್ತು ವರ್ಷಗಳಲ್ಲಿ ಬಂದೂಕು ಕೊಲೆಗಳು, ಕಾನೂನಿಲ್ಲದಿದ್ದರೆ ಆಗಬಹುದಾಗಿದ್ದ ಮಟ್ಟಕ್ಕಿಂತ ಶೇ 40ರಷ್ಟು ಕಡಿಮೆಯಾದವೆಂದು 2015ರ ಅಧ್ಯಯನ ಹೇಳಿತು. ಇನ್ನಷ್ಟು ದೀರ್ಘ ಅವಧಿಯನ್ನು ನೋಡಿದ 2020ರ ಅಧ್ಯಯನ ಅದನ್ನು ಶೇ 28 ಎಂದು ಅಂದಾಜಿಸಿತು. ಅದೇ ಅಧ್ಯಯನದಲ್ಲಿ ಮಿಸೌರಿಯ ಬಂದೂಕು ಕೊಲೆಗಳು ಶೇ 47ರಷ್ಟು ಏರಿದ್ದವು. ಅಪರಾಧ ಸ್ಥಳಗಳಲ್ಲಿ ಸಿಕ್ಕ ಕೋವಿಗಳ ಪೈಕಿ ಮಿಸೌರಿಯಲ್ಲೇ ಮಾರಾಟವಾದವುಗಳ ಪಾಲು ಕಾನೂನು ರದ್ದಾದ ಮೇಲೆ ಹೆಚ್ಚಾಯಿತು. ಕಾನೂನು ಎಲ್ಲಿ ಕೆಲಸ ಮಾಡುತ್ತಿತ್ತು ಎಂಬುದನ್ನು ಬೆರಳಿಟ್ಟು ತೋರಿಸುವ ಸಂಗತಿ ಇದು.

ಶೇ 40 ಮತ್ತು ಶೇ 28ರ ನಡುವಿನ ಅಂತರವೇ ಅಂದಾಜು ಎಷ್ಟು ಅಲುಗಾಡುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲವೇ ಎಂದು ವಿಮರ್ಶಕರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಒಂದೆರಡು ರಾಜ್ಯಗಳ ಅನುಭವದಿಂದ ನಿಖರ ಸಂಖ್ಯೆ ಸಿಗುವುದಿಲ್ಲ. ಆದರೆ ಕಾನೂನು ಬಂದ ಕಡೆ ಸಾವು ಇಳಿದು, ಹೋದ ಕಡೆ ಏರಿದ್ದು ಕಾಕತಾಳೀಯ ಎನ್ನಲು ಇನ್ನೂ ಹೆಚ್ಚಿನ ಪುರಾವೆ ಬೇಕು. ಅಂಗಡಿಯ ತಪಾಸಣೆ ಒಂದನ್ನೇ ನೆಚ್ಚಿದ ಕಡೆ ಸಿಕ್ಕ ಫಲವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಕ್ಯಾಲಿಫೋರ್ನಿಯಾ 1991ರಲ್ಲಿ ಖಾಸಗಿ ಮಾರಾಟಕ್ಕೂ ತಪಾಸಣೆ ಕಡ್ಡಾಯ ಮಾಡಿತು. ಮುಂದಿನ ಹತ್ತು ವರ್ಷಗಳಲ್ಲಿ ಬಂದೂಕು ಕೊಲೆ, ಆತ್ಮಹತ್ಯೆಗಳಲ್ಲಿ ಅದರಿಂದ ಗಮನಾರ್ಹ ಬದಲಾವಣೆ ಆಗಲಿಲ್ಲವೆಂದು ಅಲ್ಲಿನ ಸಂಶೋಧಕರೇ ಕಂಡುಕೊಂಡರು. ಬ್ರೇಡಿ ಕಾಯ್ದೆಯಿಂದಲೂ ಕೊಲೆಗಳ ಸಂಖ್ಯೆ ಇಳಿದದ್ದು ಕಾಣಲಿಲ್ಲವೆಂದು 2000ದಲ್ಲಿ ಪ್ರಕಟವಾದ ಲುಡ್ವಿಗ್ ಮತ್ತು ಕುಕ್ ಎಂಬ ಸಂಶೋಧಕರ ಅಧ್ಯಯನ ಹೇಳಿತು. ಬಂದೂಕು ನಿಯಂತ್ರಣದ ಪರವಾಗಿರುವವರಿಗೆ ಇದು ರುಚಿಸದ ಮಾತು. ಆದರೂ ಇದನ್ನು ಒಪ್ಪಿಕೊಂಡರೇ ದಾರಿ ಸ್ಪಷ್ಟವಾಗುತ್ತದೆ. ಕೌಂಟರಿನಲ್ಲಿ ನಿಮಿಷಗಳಲ್ಲಿ ಮುಗಿಯುವ ತಪಾಸಣೆ ಸಾಲದು. ಠಾಣೆಗೆ ಖುದ್ದಾಗಿ ಹೋಗಿ, ಬೆರಳಚ್ಚು ಕೊಟ್ಟು, ತರಬೇತಿ ಪಡೆದು, ಕೆಲವು ವಾರ ಕಾಯುವುದರಲ್ಲಿ ಬಲ ಇದೆ.

ಕಾಯುವುದರ ಬೆಲೆ ಕೊಲೆಗಿಂತ ಆತ್ಮಹತ್ಯೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಹೊರಗಿನವರಾದ ನಾವು ಅಮೆರಿಕದ ಬಂದೂಕು ಸಾವೆಂದರೆ ಹತ್ಯಾಕಾಂಡ ಎಂದುಕೊಳ್ಳುತ್ತೇವೆ. ಆದರೆ 2023ರಲ್ಲಿ ಗುಂಡಿನಿಂದ ಸತ್ತ ಸುಮಾರು 46,700 ಮಂದಿಯಲ್ಲಿ 27,300 ಮಂದಿ ತಮ್ಮ ಜೀವವನ್ನು ತಾವೇ ತೆಗೆದುಕೊಂಡವರು. ಬಂದೂಕಿನಿಂದ ಮಾಡಿಕೊಂಡ ಪ್ರಯತ್ನಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಸಾವಿನಲ್ಲೇ ಕೊನೆಗೊಳ್ಳುತ್ತವೆ. ಎರಡನೆಯ ಅವಕಾಶ ಸಿಗುವುದೇ ಅಪರೂಪ. ಕ್ಯಾಲಿಫೋರ್ನಿಯಾದ ಕೋಟ್ಯಂತರ ವಯಸ್ಕರ ದಾಖಲೆಗಳನ್ನು ಹೋಲಿಸಿದ ಸ್ಟ್ಯಾನ್‌ಫರ್ಡ್ ಸಂಶೋಧಕರ 2020ರ ಅಧ್ಯಯನದ ಪ್ರಕಾರ, ಕೈಬಂದೂಕು ಹೊಂದಿದ ಗಂಡಸರು ಗುಂಡು ಹಾರಿಸಿಕೊಂಡು ಸಾಯುವ ಸಂಭವ ಹೊಂದಿಲ್ಲದವರಿಗಿಂತ ಎಂಟು ಪಟ್ಟು ಹೆಚ್ಚು, ಹೆಂಗಸರಲ್ಲಿ 35 ಪಟ್ಟು. ಕೊಂಡ ಕೂಡಲೇ ಬರುವ ವಾರಗಳಲ್ಲಿ ಅಪಾಯ ಅತ್ಯಂತ ಹೆಚ್ಚು. ಸಾಯಬೇಕೆಂದು ನಿಶ್ಚಯಿಸಿದವರು ಬೇರೆ ದಾರಿ ಹುಡುಕುತ್ತಾರೆ ಎನ್ನುವವರು, ಆ ನಿಶ್ಚಯ ಎಷ್ಟು ಕ್ಷಣಿಕವಾಗಿರುತ್ತದೆ ಎಂಬುದನ್ನು ಮರೆಯುತ್ತಾರೆ. ಕನೆಕ್ಟಿಕಟ್‌ನಲ್ಲಿ ಬಂದೂಕು ಆತ್ಮಹತ್ಯೆ ಇಳಿಯಿತು, ಮಿಸೌರಿಯಲ್ಲಿ ಏರಿತು ಎಂದು ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಕಂಡರು.

ಕಳ್ಳರು, ಕೊಲೆಗಡುಕರು ಪರವಾನಗಿಗೆ ಅರ್ಜಿ ಹಾಕುತ್ತಾರೆಯೇ ಎಂಬುದು ಎಲ್ಲರ ಬಾಯಲ್ಲೂ ಇರುವ ಆಕ್ಷೇಪ. ಹಾಕುವುದಿಲ್ಲ, ನಿಜ. ಆದರೆ ಅಪರಾಧಿಯ ಕೈಯ ಪಿಸ್ತೂಲು ಕೂಡ ಸಾಮಾನ್ಯವಾಗಿ ಎಲ್ಲೋ ಒಂದು ಅಂಗಡಿಯಲ್ಲಿ ಕಾನೂನುಬದ್ಧವಾಗಿ ಮಾರಾಟವಾದದ್ದೇ. ತನ್ನ ಹೆಸರಲ್ಲಿ ಕೊಂಡು ಗೆಳೆಯನಿಗೆ ದಾಟಿಸುವವರು, ತಪಾಸಣೆಯಿಲ್ಲದೆ ಮಾರುವವರು ಈ ಸರಪಳಿಯ ಕೊಂಡಿಗಳು. ಠಾಣೆಯಲ್ಲಿ ಬೆರಳಚ್ಚು ಕೊಟ್ಟು ಬಂದವರು ಬೇರೆಯವರಿಗಾಗಿ ಕೊಳ್ಳಲು ಎರಡು ಸಲ ಯೋಚಿಸುತ್ತಾರೆ. ಇಲಿನಾಯ್‌ನಲ್ಲಿ 1968ರಿಂದಲೂ ಬಂದೂಕು ಮಾಲೀಕರಿಗೆ ಗುರುತಿನ ಕಾರ್ಡು ಇದ್ದರೂ ಶಿಕಾಗೊ ರಕ್ತಸಿಕ್ತವಾಗಿದೆಯಲ್ಲ ಎಂದು ಕೇಳುವವರಿಗೆ ಅಲ್ಲಿನ ಭೂಪಟವೇ ಉತ್ತರ. ನಗರದ ಅಂಚಿನಲ್ಲೇ ಇಂಡಿಯಾನಾ ರಾಜ್ಯದ ಗಡಿ, ಅಲ್ಲಿ ಪರವಾನಗಿ ಬೇಡ. ಶಿಕಾಗೊದಲ್ಲಿ ವಶವಾಗುವ ಕೋವಿಗಳಲ್ಲಿ ದೊಡ್ಡ ಪಾಲು ಗಡಿಯಾಚೆಯಿಂದ ಬಂದದ್ದು. ಇನ್ನು ವರ್ಮಾಂಟ್: ಅಲ್ಲಿ ಪಿಸ್ತೂಲು ಒಯ್ಯಲು ಎಂದೂ ಪರವಾನಗಿ ಬೇಕಿರಲಿಲ್ಲ, ಕೊಲೆಗಳೂ ಕಡಿಮೆ. ಆದರೆ ಆ ಪುಟ್ಟ ಗ್ರಾಮೀಣ ರಾಜ್ಯದ ಬಂದೂಕು ಸಾವುಗಳಲ್ಲಿ ಬಹುಪಾಲು ಆತ್ಮಹತ್ಯೆಗಳು ಎಂಬುದನ್ನು ಈ ಉದಾಹರಣೆ ಕೊಡುವವರು ಹೇಳುವುದಿಲ್ಲ.

ಸಂವಿಧಾನದ ಆಕ್ಷೇಪಕ್ಕೆ ಉತ್ತರ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲೇ ಇದೆ. 1791ರ ಎರಡನೇ ತಿದ್ದುಪಡಿ ಬಂದೂಕು ಇಟ್ಟುಕೊಳ್ಳುವ ವ್ಯಕ್ತಿಗತ ಹಕ್ಕನ್ನು ಕೊಡುತ್ತದೆ ಎಂದು 2008ರ ಹೆಲ್ಲರ್ ತೀರ್ಪು ಹೇಳಿತು. ಸಾರ್ವಜನಿಕ ಸ್ಥಳದಲ್ಲಿ ಒಯ್ಯಲು ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕ್ ನಿಯಮವನ್ನು 2022ರ ಬ್ರೂಯೆನ್ ತೀರ್ಪು ಹೊಡೆದುಹಾಕಿತು. ಆದರೆ ಅದೇ ತೀರ್ಪು, ಹಿನ್ನೆಲೆ ತಪಾಸಣೆ, ತರಬೇತಿಯಂಥ ಸ್ಪಷ್ಟ ಮಾನದಂಡಗಳಿರುವ ಪರವಾನಗಿ ಪದ್ಧತಿಗಳನ್ನು ತಾನು ಮುಟ್ಟುತ್ತಿಲ್ಲ ಎಂದು ಅಡಿಟಿಪ್ಪಣಿಯಲ್ಲಿ ಹೇಳಿದೆ. ಕೌಟುಂಬಿಕ ಹಿಂಸೆಯ ತಡೆಯಾಜ್ಞೆಗೆ ಒಳಗಾದವರಿಂದ ಕೋವಿ ದೂರ ಇಡುವ ಕಾನೂನನ್ನು 2024ರಲ್ಲಿ ಎಂಟು ನ್ಯಾಯಮೂರ್ತಿಗಳು ಎತ್ತಿಹಿಡಿದರು. ಪಿಸ್ತೂಲು ಕೊಳ್ಳಲು ಮೇರಿಲ್ಯಾಂಡ್ ಕೇಳುವ ಪರವಾನಗಿಯನ್ನು ಅದೇ ವರ್ಷ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ ಊರ್ಜಿತಗೊಳಿಸಿತು. ಹಕ್ಕೂ ಪರವಾನಗಿಯೂ ಒಟ್ಟಿಗೆ ಇರಬಲ್ಲವು.

ನನ್ನನ್ನು ನಿಜಕ್ಕೂ ಕಾಡುವ ಆಕ್ಷೇಪಗಳು ಬೇರೆ ಎರಡು. ಮೊದಲನೆಯದು ತಾರತಮ್ಯದ್ದು. 1956ರಲ್ಲಿ ಅಲಬಾಮಾದ ಮಾಂಟ್ಗಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಯ ಮೇಲೆ ಬಾಂಬ್ ಬಿತ್ತು. ಅವರು ಪಿಸ್ತೂಲು ಒಯ್ಯಲು ಪರವಾನಗಿ ಕೇಳಿದರು, ಅಧಿಕಾರಿಗಳು ನಿರಾಕರಿಸಿದರು. 1967ರಲ್ಲಿ ಕ್ಯಾಲಿಫೋರ್ನಿಯಾ ತುಂಬಿದ ಬಂದೂಕು ಹಿಡಿದು ತಿರುಗುವುದನ್ನು ನಿಷೇಧಿಸಿದ್ದರ ಹಿಂದೆ ಕಪ್ಪು ಜನರ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್‌ಗಳ ಭಯವಿತ್ತು. ಅಧಿಕಾರಿಯ ಮರ್ಜಿಗೆ ಬಿಟ್ಟ ಪರವಾನಗಿ ದುರ್ಬಲರ ವಿರುದ್ಧವೇ ತಿರುಗುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ. ಆದ್ದರಿಂದ ಮಾನದಂಡ ಕಾನೂನಿನಲ್ಲೇ ಬರೆದಿರಬೇಕು, ನಿರಾಕರಿಸಿದರೆ ಲಿಖಿತ ಕಾರಣ ಕೊಡಬೇಕು, ಮೇಲ್ಮನವಿಗೆ ಅವಕಾಶವಿರಬೇಕು, ಶುಲ್ಕ ಬಡವರಿಗೆ ಎಟುಕುವಂತಿರಬೇಕು. ಎರಡನೆಯದು ತುರ್ತಿನದು. 2015ರಲ್ಲಿ ನ್ಯೂಜೆರ್ಸಿಯಲ್ಲಿ ಹಿಂದಿನ ಸಂಗಾತಿಯಿಂದ ಬೆದರಿಕೆಗೊಳಗಾದ ಮಹಿಳೆಯೊಬ್ಬರು ಪಿಸ್ತೂಲಿನ ಅನುಮತಿಗೆ ಕಾಯುತ್ತಿದ್ದಾಗಲೇ ಮನೆಯಂಗಳದಲ್ಲಿ ಆತನ ಚೂರಿಗೆ ಬಲಿಯಾದರು. ಇಂಥ ಸಾವನ್ನು ಅಂಕಿಗಳ ಸರಾಸರಿಯಲ್ಲಿ ಮುಚ್ಚಿಹಾಕಲು ನನಗೆ ಮನಸ್ಸಿಲ್ಲ. ತಡೆಯಾಜ್ಞೆ ಇರುವವರ ಅರ್ಜಿಗಳನ್ನು ದಿನಗಳಲ್ಲಿ ಇತ್ಯರ್ಥ ಮಾಡುವ ನಿಯಮ ಸಾಧ್ಯ, ಅಗತ್ಯ. ಆದರೆ ಆ ಮಹಿಳೆಯ ಹೆಸರಿನಲ್ಲಿ ಪರವಾನಗಿಯನ್ನೇ ಕಿತ್ತುಹಾಕಿದರೆ, ಬೆದರಿಸುವ ಗಂಡಸಿಗೂ ಪಿಸ್ತೂಲು ಅದೇ ದಿನ ಸಿಗುತ್ತದೆ.

ಬಂದೂಕು ನಮ್ಮ ಸಂಸ್ಕೃತಿಯ ಭಾಗ, ಅದನ್ನು ಕಾಗದಪತ್ರಕ್ಕೆ ಕಟ್ಟಬೇಡಿ ಎನ್ನುವ ಮಾತು ಕನ್ನಡನಾಡಿಗೂ ಅಪರಿಚಿತವಲ್ಲ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷಗಳಿಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅದು ಒಂದು ಪುಟ್ಟ ಜಿಲ್ಲೆಯಲ್ಲಿ, ಮನೆತನದ ಕಣ್ಗಾವಲಿನಲ್ಲಿ ಇರುವ ಕೋವಿ. ಅಮೆರಿಕದಲ್ಲಿ 2017ರ ಕೊನೆಗೆ ಜನಸಾಮಾನ್ಯರ ಬಳಿ ಇದ್ದ ಬಂದೂಕುಗಳು ಅಂದಾಜು 39.3 ಕೋಟಿ, ಜನಸಂಖ್ಯೆಗಿಂತ ಹೆಚ್ಚು. 2019ರ ಆರಂಭದಿಂದ 2021ರ ಏಪ್ರಿಲ್‌ವರೆಗೆ ಸುಮಾರು 75 ಲಕ್ಷ ವಯಸ್ಕರು ಮೊದಲ ಬಾರಿಗೆ ಬಂದೂಕಿನ ಮಾಲೀಕರಾದರು. ಅವರಿಗೆ ಹೇಳಿಕೊಡಲು ಅಜ್ಜನೂ ಇಲ್ಲ, ಕೊಡವರಿಗಿರುವಂಥ ಐನ್‌ಮನೆ ಎಂಬ ಮನೆತನದ ಮೂಲಮನೆಯೂ ಇಲ್ಲ. ಹೀಗಿರುವಾಗ ರಾಜ್ಯಗಳು ಹೋಗುತ್ತಿರುವುದು ಎದುರು ದಿಕ್ಕಿಗೆ. 2021ರಲ್ಲಿ ಟೆಕ್ಸಾಸ್, 2023ರಲ್ಲಿ ಫ್ಲಾರಿಡಾ ಸೇರಿದಂತೆ ಈಗ 29 ರಾಜ್ಯಗಳಲ್ಲಿ ಪಿಸ್ತೂಲನ್ನು ಬಟ್ಟೆಯೊಳಗೆ ಮುಚ್ಚಿಟ್ಟು ಒಯ್ಯಲು ಯಾವ ಪರವಾನಗಿಯೂ ಬೇಡ.

ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದು, ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಕೇಂದ್ರ ಕಾನೂನಿನಲ್ಲಿ ಅಪರಾಧ. ಗ್ರೀನ್ ಕಾರ್ಡ್ ಸಿಕ್ಕವರು, ಪೌರರಾದವರು ಕೊಳ್ಳಬಹುದು, ಮತಪೆಟ್ಟಿಗೆಯ ಮೂಲಕ ಕಾನೂನನ್ನು ಬದಲಿಸಲು ಪೌರರಿಗೆ ಅಧಿಕಾರವೂ ಇದೆ. ನಿಮ್ಮ ರಾಜ್ಯದ ಶಾಸನಸಭೆಯಲ್ಲಿ ಕೊಳ್ಳುವ ಮೊದಲಿನ ಪರವಾನಗಿಯ ಮಸೂದೆ ಬಂದರೆ ನಿಮ್ಮ ಪ್ರತಿನಿಧಿಗೆ ಬರೆಯಿರಿ. ಅದಕ್ಕೂ ಮೊದಲು, ಮಗುವನ್ನು ಗೆಳೆಯರ ಮನೆಗೆ ಆಟಕ್ಕೆ ಕಳಿಸುವ ಮುನ್ನ ಫೋನ್ ಮಾಡಿ, ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ, ಬೀಗ ಹಾಕಿದೆಯೇ, ಗುಂಡುಗಳನ್ನು ಬೇರೆ ಇಟ್ಟಿದ್ದೀರಾ ಎಂದು ಕೇಳಿ. ಸಂಕೋಚ ಬೇಡ. 2021ರ ಸಮೀಕ್ಷೆಯೊಂದರ ಪ್ರಕಾರ ಅಮೆರಿಕದ 46 ಲಕ್ಷ ಮಕ್ಕಳು, ಗುಂಡು ತುಂಬಿ ಬೀಗ ಹಾಕದೆ ಇಟ್ಟ ಬಂದೂಕಿರುವ ಮನೆಗಳಲ್ಲಿ ಬೆಳೆಯುತ್ತಿದ್ದಾರೆ.